ಬೆರಕೆ ಬುಟ್ಟಿಯ ಪದವಿ

ಮೂರು ವರ್ಷ ಓದಿ ಬಿ.ಎ. ಮಾಡಿದವರು ಪದವೀಧರರು. ಇದರಲ್ಲಿ ಯಾರಿಗೂ ತಕರಾರಿಲ್ಲ. ನಾನು ಐದು ವರ್ಷ ಓದಿದೆ. ಬಿ.ಎ. ಮತ್ತು ಎಲ್‌ಎಲ್.ಬಿ. ಎರಡನ್ನೂ ಒಟ್ಟಿಗೆ ಓದಿ ಒಂದೇ ಸರ್ಟಿಫಿಕೇಟು ಪಡೆದೆ. ಹಾಗಾದರೆ ಶಾಲೆಯಲ್ಲಿ ಪಾಠ ಮಾಡುವ ಮಟ್ಟಿಗೆ ನಾನು ಪದವೀಧರೆ ಹೌದೋ ಅಲ್ಲವೋ? ಈ ಪ್ರಶ್ನೆ ಹಿಡಿದುಕೊಂಡು ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ಎಷ್ಟು ಬಸ್ಸು ಹತ್ತಿಳಿದೆನೋ ನೆನಪಿಲ್ಲ. ಈಗಲೂ ಉತ್ತರ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ.

ನನ್ನಮ್ಮ ಗಂಗೊಳ್ಳಿಯ ಬಂದರಿನಲ್ಲಿ ಮೀನು ಕೊಂಡು ಕುಂದಾಪುರದ ಮನೆಮನೆಗೆ ಹೋಗಿ ಮಾರುವವಳು. ಅವಳು ಮೀನು ಕೊಡುತ್ತಿದ್ದ ಮನೆಗಳಲ್ಲಿ ಒಂದು ವಕೀಲರದು. ಆ ಮನೆಯ ಜಗಲಿಯಲ್ಲಿ ಬೆಳಿಗ್ಗೆ ಏಳೂವರೆಗೇ ಜನ ಕಾದು ಕೂತಿರುತ್ತಿದ್ದರು. ವಕೀಲರು ಒಳಗಿನಿಂದ ಬಂದರೆ ಸಾಕು, ದೊಡ್ಡ ದೊಡ್ಡ ಮೀಸೆಯವರೂ ಎದ್ದು ನಿಲ್ಲುತ್ತಿದ್ದರು. ಹಿತ್ತಲ ಬಾಗಿಲಲ್ಲಿ ಮೀನು ಕೊಯ್ದು ಹಸನು ಮಾಡುತ್ತಾ ಇದನ್ನು ನೋಡಿದ ಅಮ್ಮ ಒಂದು ದಿನ ಮನೆಗೆ ಬಂದು ತೀರ್ಮಾನ ಹೇಳಿಬಿಟ್ಟಳು.

"ನನ್ ಮಗ್ಳ್ ವಕೀಲ್ತಿ ಆಯ್ಕ್."

ನಾನಾಗ ಹೈಸ್ಕೂಲು. ವಕೀಲ್ತಿ ಅಂದರೆ ಏನು ಮಾಡುವವಳು ಎಂದು ನನಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಪಿಯುಸಿ ಮುಗಿದ ಮೇಲೆ ಐದು ವರ್ಷದ ಕೋರ್ಸಿಗೆ ಸೇರಿದೆ. ಪಾಸಾದೆ, ವಕೀಲಿಕೆಯ ಸನ್ನದು ಪಡೆದೆ, ಕಪ್ಪು ಕೋಟು ಹೊಲಿಸಿದೆ. ಅದೇ ವಕೀಲರ ಆಫೀಸಿನಲ್ಲಿ ಕಪಾಟಿನ ಪಕ್ಕದ ಸಣ್ಣ ಟೇಬಲ್ಲು ನನ್ನದಾಯಿತು. ಅಮ್ಮನ ಬುಟ್ಟಿ ಹಿತ್ತಲ ಬಾಗಿಲಿಗೆ ಬರುವ ಹೊತ್ತಿಗೆ ನಾನು ಮುಂಬಾಗಿಲಿನಿಂದ ಒಳಗೆ ಹೋಗುತ್ತಿದ್ದೆ. ಅಮ್ಮನಿಗೆ ಅದಕ್ಕಿಂತ ಹೆಚ್ಚಿನದು ಏನೂ ಬೇಕಿರಲಿಲ್ಲ.

ಬೇಕಿದ್ದದ್ದು ನನಗೆ. ಕೋರ್ಟಿನಲ್ಲಿ ನಾನು ಮಾಡುತ್ತಿದ್ದ ಕೆಲಸವೆಂದರೆ ಎದ್ದು ನಿಂತು ಮುಂದಿನ ದಿನಾಂಕ ಕೇಳುವುದು. ಅದನ್ನೂ ನಡುಗುವ ಸ್ವರದಲ್ಲಿ ಕೇಳುತ್ತಿದ್ದೆ. ಆದರೆ ಆಫೀಸಿನ ಬೆಂಚಿನಲ್ಲಿ ಕೂತ ಕಕ್ಷಿಗಾರರಿಗೆ ವಿಷಯ ತಿಳಿಸಿ ಹೇಳುವಾಗ ಸ್ವರ ನಡುಗುತ್ತಿರಲಿಲ್ಲ. ವಕೀಲರ ಕೋಣೆಯಿಂದ ಕಕ್ಕಾಬಿಕ್ಕಿಯಾಗಿ ಹೊರಗೆ ಬಂದ ಒಬ್ಬ ಅಜ್ಜಿಗೆ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಹಾಕಿ, ಪಾಲು ಅಂದರೆ ಏನು, ದಾವೆ ಯಾಕೆ ಇಷ್ಟು ವರ್ಷ ಎಳೆಯುತ್ತದೆ ಎಂದು ಹೇಳಿಕೊಟ್ಟೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಹೀಂಗ್ ಹೇಳ್ರೆ ಗೊತ್ತಾತ್ತ್ ಕಾಣ್" ಅಂದರು. ಆ ದಿನವಿಡೀ ನಾನು ಖುಷಿಯಲ್ಲಿದ್ದೆ. ನಮ್ಮ ಆಫೀಸು ಕೇಸು ಗೆದ್ದ ದಿನಗಳಲ್ಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಹಾಗೆ ತಲೆಗೆ ಹತ್ತಿದ್ದು ಬಿ.ಎಡ್. ಬ್ರಹ್ಮಾವರದ ಕಡೆಯ ಒಂದು ಕಾಲೇಜಿನಲ್ಲಿ ಅರ್ಜಿ ಹಾಕಿದೆ. ನಿಮ್ಮ ಪದವಿ ನಡೆಯುತ್ತದೆ ಎಂದು ಸೇರಿಸಿಕೊಂಡರು. ಇಲ್ಲಿ ನಾನು ಕಾನೂನು ಓದಿದವರು ಮಾತ್ರ ಮಾಡಬಹುದಾದ ಒಂದು ಕೆಲಸ ಮಾಡಿದೆ. ವಕೀಲಿಕೆ ಬಿಟ್ಟು ಬೇರೆ ದಾರಿ ಹಿಡಿಯುವವರು ಸನ್ನದನ್ನು ಅಮಾನತಿನಲ್ಲಿಡಬೇಕು ಎಂಬ ನಿಯಮವಿದೆ. ಎಷ್ಟೋ ಜನ ಸನ್ನದನ್ನು ಕಪಾಟಿನಲ್ಲಿಟ್ಟು ಸುಮ್ಮನಿರುತ್ತಾರೆ.

"ಇರ್ಲಿ ಮಾರಾಯ್ತಿ, ಯಾರ್ ಕೇಂತ್ರ್?" ಎಂದು ವಕೀಲರೇ ಹೇಳಿದರು.

ನಾನು ನಿಯಮ ಓದಿದ್ದೆನಲ್ಲ! ಪತ್ರ ಬರೆದು, ನೆಟ್ಟಗೆ ಸಹಿ ಹಾಕಿ, ಸನ್ನದನ್ನು ಅಮಾನತಿನಲ್ಲಿಡಿಸಿದೆ. ಅವತ್ತು ನನ್ನ ಪ್ರಾಮಾಣಿಕತೆಯ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಗಿತ್ತು. ಈಗ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಅಮ್ಮನಿಗೆ ಹೇಳಿದಾಗ ಅವಳು ಜಗಳವಾಡಲಿಲ್ಲ. ಆದರೆ ಕುಂದಾಪುರದ ಗಿರಾಕಿಗಳಲ್ಲಿ ಒಬ್ಬರಿಗೂ ಈ ಸುದ್ದಿ ಹೇಳಲಿಲ್ಲ. ವರ್ಷಗಟ್ಟಲೆ ಹೇಳಲಿಲ್ಲ. ಮಗಳು ಏನು ಮಾಡುತ್ತಿದ್ದಾಳೆ ಎಂದು ಯಾರು ಕೇಳಿದರೂ, "ವಕೀಲ್ತಿ ಅಲ್ದಾ" ಎಂದು ಬುಟ್ಟಿಯ ಮೇಲಿನ ಎಲೆ ಸರಿಸುತ್ತಿದ್ದಳು.

ಬಿ.ಎಡ್. ಮುಗಿಯಿತು. ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದೆ, ಅದೂ ಪಾಸು. ನಾವುಂದದ ಹತ್ತಿರದ ಒಂದು ಸರಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಜನ ಇರಲಿಲ್ಲ. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಬಿಜೂರಿನವರು. ಅವರು ನನ್ನನ್ನು ಅತಿಥಿ ಶಿಕ್ಷಕಿಯಾಗಿ ತೆಗೆದುಕೊಂಡರು. ಮಕ್ಕಳು ಎರಡೇ ವಾರದಲ್ಲಿ ನನಗೆ ಲಾಯರ್ ಟೀಚರ್ ಎಂದು ಹೆಸರಿಟ್ಟರು. ಸಂವಿಧಾನದ ಪಾಠ ಬಂತೆಂದರೆ ಅವರಿಗೆ ಹಬ್ಬ. ಪೆನ್ಸಿಲು ಕದ್ದಳೆಂದು ದೂರು ಬಂದವಳನ್ನು ಕಟಕಟೆಯಲ್ಲಿ ನಿಲ್ಲಿಸಿ, ಎರಡೂ ಕಡೆಯ ಮಾತು ಕೇಳದೆ ತೀರ್ಪು ಕೊಡಬಾರದು ಎಂದು ಕಲಿಸಿದೆ. ಆಮೇಲೆ ಊಟದ ಸಾಲಿನಲ್ಲಿ ಯಾರಾದರೂ ಗದರಿದರೂ "ನಮ್ಮ ಮಾತೂ ಕೇಣಿ ಟೀಚರ್" ಅನ್ನತೊಡಗಿದರು. ಉಳಿದ ಶಿಕ್ಷಕರು ನನ್ನನ್ನು ಬೈದರು, ನಗುತ್ತಲೇ ಬೈದರು.

ನಾಲ್ಕು ವರ್ಷ ಹೀಗೆ ಹೋಯಿತು. ಅತಿಥಿ ಎಂದ ಮೇಲೆ ಪ್ರತಿ ವರ್ಷವೂ ಹೊಸದಾಗಿ ಕರೆಯಬೇಕು. ಬೇಸಿಗೆ ರಜೆ ಬಂದರೆ ನೀವು ಯಾರೋ, ನಾವು ಯಾರೋ. ಕಾಯಂ ಹುದ್ದೆಗೆ ಅರ್ಜಿ ಕರೆದಾಗ ನಾನೂ ಹಾಕಿದೆ. ಪರೀಕ್ಷೆ ಚೆನ್ನಾಗಿಯೇ ಆಯಿತು. ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರು ಬಂದ ದಿನ ಮುಖ್ಯೋಪಾಧ್ಯಾಯಿನಿ ಪಾಯಸ ಮಾಡಿಸಿದರು. ಆ ಪಾಯಸ ಸ್ವಲ್ಪ ಅವಸರದ್ದಾಯಿತು.

ದಾಖಲೆ ಪರಿಶೀಲನೆಯಲ್ಲಿ ನನ್ನ ಕಡತ ನೋಡುತ್ತಿದ್ದ ಅಧಿಕಾರಿ ಒಳ್ಳೆಯವರು. ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿದರು.

"ಬಿ.ಎ. ಅಂಕಪಟ್ಟಿ ಎಲ್ಲಿ?"

"ಇದೇ ಸರ್. ಹತ್ತು ಸೆಮಿಸ್ಟರ್."

"ಇದು ಕಾನೂನಿನದಲ್ವಾ?"

"ಎರಡೂ ಇದೆ ಸರ್."

ಅವರು ಬೆರಳಿಟ್ಟು ಹುಡುಕಿದರು. ಇತಿಹಾಸ ಸಿಕ್ಕಿತು, ರಾಜ್ಯಶಾಸ್ತ್ರ ಸಿಕ್ಕಿತು, ಅರ್ಥಶಾಸ್ತ್ರ ಸಿಕ್ಕಿತು. ಅವುಗಳ ಮಧ್ಯೆ ಕರಾರು ಕಾಯ್ದೆ ಸಿಕ್ಕಿತು, ಅಪರಾಧ ಕಾನೂನು ಸಿಕ್ಕಿತು. ಐಚ್ಛಿಕ ವಿಷಯಗಳನ್ನು ಮೂರೂ ವರ್ಷ ಓದಿರಬೇಕು ಎಂದು ಅವರ ಹಾಳೆಯಲ್ಲಿತ್ತು. ನನ್ನ ಇತಿಹಾಸ ಮಧ್ಯದಲ್ಲೇ ಮುಗಿದಿತ್ತು, ರಾಜ್ಯಶಾಸ್ತ್ರ ಮುಂದುವರಿದಿತ್ತು.

"ನಿಮ್ಮದು ಹೆಚ್ಚಾಗಿದೆಯಮ್ಮ, ಕಡಿಮೆಯಾಗಿಲ್ಲ. ಆದರೆ ಈ ಕಾಲಮ್ಮಿಗೆ ಕೂರೋದಿಲ್ಲ" ಅಂದರು. "ನನಗೂ ಗೊಂದಲವೇ. ಇದು ಬಿ.ಎ.ಗೆ ತತ್ಸಮಾನ ಅಂತ ಒಂದು ಪತ್ರ ತನ್ನಿ."

ಪತ್ರಕ್ಕಾಗಿ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದೆ. ಪದವಿ ಕೊಡುವುದಷ್ಟೇ ನಮ್ಮ ಕೆಲಸ, ಯಾವ ಹುದ್ದೆಗೆ ನಡೆಯುತ್ತದೆ ಎಂಬುದನ್ನು ಕೆಲಸ ಕೊಡುವವರು ಹೇಳಬೇಕು ಅಂದರು. ಕೆಲಸ ಕೊಡುವವರಲ್ಲಿ ಕೇಳಿದರೆ, ತತ್ಸಮಾನವೋ ಅಲ್ಲವೋ ಎಂಬುದನ್ನು ವಿಶ್ವವಿದ್ಯಾಲಯವೇ ಹೇಳಬೇಕು ಅಂದರು. ಬಿ.ಎಡ್. ಕಾಲೇಜಿಗೆ ಹೋಗಿ, ಹಾಗಾದರೆ ನನ್ನನ್ನು ಯಾವ ಆಧಾರದ ಮೇಲೆ ಸೇರಿಸಿಕೊಂಡಿರಿ ಎಂದು ಕೇಳಿದೆ. ಅದು ಪ್ರವೇಶದ ನಿಯಮ, ಇದು ನೇಮಕದ ನಿಯಮ, ಎರಡೂ ಬೇರೆ ಬೇರೆ ಅಂದರು. ಎಲ್ಲರೂ ಹೇಳಿದ್ದು ನನಗೆ ಅರ್ಥವಾಯಿತು. ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡರೆ ಏನೂ ಅರ್ಥವಾಗಲಿಲ್ಲ. ಪದವೀಧರೆ ಎಂದು ನಂಬಿಯೇ ಇಷ್ಟು ಬಾಗಿಲು ತೆರೆದರು, ಕೊನೆಯ ಬಾಗಿಲಲ್ಲಿ ನಿಲ್ಲಿಸಿ ನೀನು ಯಾರು ಎಂದು ಕೇಳುವುದು ಯಾವ ನ್ಯಾಯ? ಆ ದಿನ ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಕುಂದಾಪುರ ಬಸ್ಸು ಬಿಟ್ಟು ಕೂತಿದ್ದೆ.

ಸಂಜೆ ಮನೆಯಲ್ಲಿ ಚಾಪೆಯ ಮೇಲೆ ಹತ್ತು ಅಂಕಪಟ್ಟಿ ಹರಡಿಕೊಂಡು ಕೂತಾಗ ಅಮ್ಮ ಎದುರಿಗೆ ಬಂದು ಕೂತಳು.

"ಎಂತ ಮಗಾ ಅದ್?"

ಹೇಳಿದೆ. ಅಮ್ಮನಿಗೆ ಬಂದರಿನ ಹರಾಜು ನೆನಪಾಯಿತು.

ಗಂಗೊಳ್ಳಿಯಲ್ಲಿ ಬೋಟು ಬಂದಾಗ ಒಳ್ಳೆಯ ಮೀನನ್ನು ಬೇರೆ ಬೇರೆ ಮಾಡಿ ಏಲಮಿಗೆ ಇಡುತ್ತಾರೆ. ಬಂಗಡೆಗೆ ಬಂಗಡೆ ಎಂದು ಕೂಗುತ್ತಾರೆ, ಬೈಗೆಗೆ ಬೈಗೆ ಎಂದು. ಎಲ್ಲ ಸೇರಿದ ಕೊನೆಯ ರಾಶಿಗೆ ಮಾತ್ರ ಹೆಸರಿಲ್ಲ, ಅದು ಬೆರಕೆ. ಅದರೊಳಗೆ ಎಷ್ಟು ಒಳ್ಳೆಯ ಮೀನಿದ್ದರೂ ಬೆರಕೆ ಬೆರಕೆಯೇ. ಅಮ್ಮನಂಥವರು ಅದನ್ನು ಕೊಂಡು, ಅಲ್ಲೇ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಜಾತಿ ಜಾತಿ ಬೇರೆ ಮಾಡುತ್ತಾರೆ. ಆಮೇಲೆಯೇ ಅದಕ್ಕೆ ಹೆಸರು.

"ಬೆರಕೆ ಬುಟ್ಟಿ ಅಂದ್ಹೇಳಿ ಕೂಗೂಕ್ ಆತಿಲ್ಲೆ ಅವ್ರಿಗೆ" ಅಂದಳು ಅಮ್ಮ. "ನಾವೇ ಬೇರೆ ಮಾಡಿ ಕೊಡ್ಕ್. ಬಿ.ಎ. ಈ ಬದಿ ಇಡ್, ವಕೀಲಿಕೆ ಆ ಬದಿ ಇಡ್."

ನಾನು ಮೊದಲ ಹಾಳೆ ಎತ್ತಿಕೊಂಡೆ. ಎರಡೂ ಅದರಲ್ಲೇ ಇತ್ತು. ಎರಡನೆಯದರಲ್ಲೂ ಹಾಗೆಯೇ. ಅಮ್ಮ ಒಂದೊಂದನ್ನೇ ಇಸಿದುಕೊಂಡು ದೀಪಕ್ಕೆ ಹಿಡಿದು ನೋಡಿದಳು, ಓದಲು ಬರದಿದ್ದರೂ.

"ಒಂದೇ ಹಾಳಿಯೊಳ್ಗೆ ಎರಡೂ ಇತ್ತಾ?"

"ಹೌದಮ್ಮ."

"ಹಾಂಗಾರೆ ಇದ್ ಕತ್ತರಿ ಕೆಲ್ಸ" ಅಂದಳು. ಇಬ್ಬರಿಗೂ ನಗು ಬಂತು. ನನಗೆ ನಗುವಿನ ನಡುವೆಯೇ ಅಳು ಬಂತು.

ಕತ್ತರಿ ಹಾಕಲಿಲ್ಲ. ಆದರೆ ಅಮ್ಮ ಹೇಳಿದ ಹಾಗೆ ಬೇರೆ ಮಾಡಿದೆ. ಹತ್ತು ಹಾಳೆಗಳಿಂದ ಕಲಾ ವಿಷಯಗಳನ್ನೆಲ್ಲ ಹೆಕ್ಕಿ, ಯಾವ ಸೆಮಿಸ್ಟರಿನಲ್ಲಿ ಯಾವುದು, ಅಂಕವೆಷ್ಟು ಎಂದು ಒಂದೇ ಪಟ್ಟಿ ಮಾಡಿದೆ. ಪಟ್ಟಿ ನೋಡಿದರೆ ಯಾರೋ ಒಬ್ಬಳು ಸರಿಯಾಗಿ ಬಿ.ಎ. ಓದಿದ ಹಾಗೇ ಇತ್ತು. ಅದನ್ನು ಕಡತಕ್ಕೆ ಸೇರಿಸಿದರು, ಮೇಲಕ್ಕೆ ಕಳಿಸಿದರು. ಕೆಲವು ವಾರಗಳ ನಂತರ ಒಂದು ಪುಟದ ಉತ್ತರ ಬಂತು. ನನ್ನ ಪದವಿ ನಿಗದಿತ ವಿದ್ಯಾರ್ಹತೆಗೆ ತತ್ಸಮಾನವೆಂದು ಕಂಡುಬಂದಿಲ್ಲ, ಆದ್ದರಿಂದ ಹೆಸರು ಕೈಬಿಡಲಾಗಿದೆ. ತತ್ಸಮಾನ ಅಲ್ಲ ಎಂದು ಅವರೂ ಹೇಳಿರಲಿಲ್ಲ. ಕಂಡುಬಂದಿಲ್ಲ, ಅಷ್ಟೇ.

ಆಗ ಶಾಲೆಗೆ ರಜೆ ಬಿದ್ದಿತ್ತು. ನಾನು ವಕೀಲರ ಆಫೀಸಿಗೆ ಹೋದೆ. ಅವರು ಕಾಗದ ಓದಿ ಕನ್ನಡಕ ತೆಗೆದಿಟ್ಟರು.

"ಆಡಳಿತ ನ್ಯಾಯಮಂಡಳಿಗ್ ಹಾಕ್ಲಕ್. ಗೆದ್ರೂ ಗೆಲ್ಲುವಿ. ಆದ್ರೆ ಎಷ್ಟ್ ವರ್ಷ ಎಳೀತ್ತೋ ನಂಗ್ ಗೊತ್ತಿಲ್ಲೆ." ಕಪಾಟಿನ ಕಡೆ ಕೈ ತೋರಿಸಿದರು. "ಇಲ್ಲದಿದ್ರೆ ಸನ್ನದ್ ವಾಪಸ್ ತಕೋ. ಆ ಟೇಬಲ್ ಹಾಂಗೇ ಇತ್ತ್ ಕಾಣ್."

ಟೇಬಲ್ಲು ಹಾಗೆಯೇ ಇತ್ತು, ನಿಜ. ಧೂಳು ಒರೆಸಿದರೆ ಸಾಕಿತ್ತು. ಅವರು ಪ್ರೀತಿಯಿಂದಲೇ ಹೇಳಿದ್ದು. ಮೂರು ದಿನ ನನಗೆ ಅನ್ನ ಸೇರಲಿಲ್ಲ. ಮತ್ತೆ ವಕೀಲೆಯಾದರೆ ಜೂನಿನಲ್ಲಿ ಶಾಲೆಯಿಂದ ಕರೆ ಬಂದಾಗ ಹೋಗುವಂತಿಲ್ಲ. ಆಗದಿದ್ದರೆ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಕೆಲಸಕ್ಕಾಗಿ ಎಷ್ಟು ವರ್ಷ ಅತಿಥಿಯಾಗಿ ಕೂರುವುದು? ಬೆಳಿಗ್ಗೆ ಒಂದು ಸರಿ ಅನಿಸುತ್ತಿತ್ತು, ಮಧ್ಯಾಹ್ನ ಇನ್ನೊಂದು. ನಾಲ್ಕನೆಯ ದಿನ, ನ್ಯಾಯಮಂಡಳಿಗೆ ಅರ್ಜಿ ಹಾಕಿಯೇಬಿಡುತ್ತೇನೆ ಎಂದು ಎದ್ದೆ. ಧೈರ್ಯ ಬಂದಿತ್ತೆಂದು ಹೇಳಿದರೆ ಸುಳ್ಳಾದೀತು. ಯೋಚಿಸಿ ಸಾಕಾಗಿತ್ತು.

ಅರ್ಜಿಯ ಜೊತೆಗೆ, ಬರೆದದ್ದೆಲ್ಲ ನಿಜವೆಂದು ಪ್ರಮಾಣ ಮಾಡುವ ಅಫಿಡವಿಟ್ಟು ಬೇಕು. ಕುಂದಾಪುರ ಕೋರ್ಟಿನ ಹತ್ತಿರ ಒಂದು ಟೈಪಿಂಗ್ ಅಂಗಡಿಯಿದೆ. ಟೈಪು ಮಾಡುವಾಕೆ ಅಮ್ಮನ ಹಳೆಯ ಗಿರಾಕಿ. ಬುಟ್ಟಿ ಖಾಲಿಯಾದ ಮೇಲೆ ಅಮ್ಮನೂ ಅಲ್ಲಿಗೆ ಬಂದು, ಮೆಟ್ಟಿಲ ಮೇಲೆ ಬುಟ್ಟಿ ಕವುಚಿಟ್ಟು ಕೂತಳು. ಟೈಪು ಮಾಡುವಾಕೆ ನನ್ನ ಹೆಸರು ಹೊಡೆದರು, ವಯಸ್ಸು ಹೊಡೆದರು. ಆಮೇಲೆ ಕೈ ನಿಲ್ಲಿಸಿದರು.

"ವೃತ್ತಿ ಎಂತ ಹಾಕೂದ್ ಮೇಡಂ?"

ಈ ಪ್ರಶ್ನೆಯನ್ನು ನಾನು ಬೇರೆಯವರಿಗೆ ನೂರಾರು ಸಲ ಕೇಳಿದ್ದೆ. ಕೃಷಿ, ಮೀನು ವ್ಯಾಪಾರ, ಗೃಹಿಣಿ, ಜನ ಯೋಚಿಸದೆ ಹೇಳುತ್ತಿದ್ದರು. ವಕೀಲೆ ಅನ್ನೋಣವೆಂದರೆ ಸನ್ನದು ಅಮಾನತಿನಲ್ಲಿದೆ. ಅತಿಥಿ ಶಿಕ್ಷಕಿ ಅನ್ನೋಣವೆಂದರೆ ಆದೇಶ ಮಾರ್ಚಿಗೇ ಮುಗಿದಿದೆ, ಈ ಮೇ ತಿಂಗಳಲ್ಲಿ ನಾನು ಯಾರ ಅತಿಥಿಯೂ ಅಲ್ಲ. ಶಿಕ್ಷಕಿ ಎಂದು ಬರೆಸಿದರೆ, ನಾನು ಶಿಕ್ಷಕಿ ಹೌದೋ ಅಲ್ಲವೋ ಎಂಬುದೇ ಅಲ್ಲವೇ ಕೇಸು? ಟೈಪು ಮಾಡುವಾಕೆ ಕಾಯುತ್ತಿದ್ದರು. ಹಿಂದೆ ಇನ್ನಿಬ್ಬರು ನಿಂತಿದ್ದರು.

"ಟೀಚರ್ ಅಂದ್ ಹಾಕಿ" ಅಂದಳು ಅಮ್ಮ, ಮೆಟ್ಟಿಲಿನಿಂದ.

ಟೈಪು ಮಾಡುವಾಕೆ ತಿರುಗಿ ನೋಡಿದರು. "ಇಷ್ಟ್ ವರ್ಷ ವಕೀಲ್ತಿ ಅಂದ್ ಹೇಳ್ತಿದ್ರಿ ಅಲ್ದಾ ನೀವ್?"

"ಅದ್ ನಾನ್ ಹೇಳ್ತಿದ್ದದ್" ಅಂದಳು ಅಮ್ಮ. "ಅವ್ಳ್ ಮಾಡೂದ್ ಇದ್."

ಅವರು ಟೈಪು ಮಾಡಿದರು. ಪ್ರಮಾಣ ಮಾಡಿ ಬರೆದದ್ದು ಸುಳ್ಳಾದರೆ ಶಿಕ್ಷೆ ಏನೆಂದು ನನಗೆ ಗೊತ್ತು, ಪರೀಕ್ಷೆಗೆ ಓದಿದ್ದೇನೆ. ಆದರೂ ಪೆನ್ನು ಕೇಳಿ ತೆಗೆದುಕೊಂಡು, ಅಮ್ಮ ನೋಡುತ್ತಿದ್ದಂತೆ, ಸಹಿ ಹಾಕಿದೆ.