ಕತ್ತಿ ಹಿಡಿದವನೂ ಫಾರ್ಮ್ ತುಂಬಿದವನೂ

ಸಿಯಾಲ್ದಾ ಸ್ಟೇಷನ್ನಿನ ಹೊರಗೆ, ಫುಟ್‌ಪಾತಿನ ಮೇಲೆ ಹಳೆಯ ಇಂಗ್ಲಿಷ್ ಪುಸ್ತಕ ಮಾರುವವನಿಂದ ಒಂದು ಸರಣಿಯ ಹದಿನಾಲ್ಕು ಪುಸ್ತಕಗಳನ್ನು ಒಟ್ಟಿಗೇ ಕೊಂಡಿದ್ದೆ. ಎಲ್ಲದರಲ್ಲೂ ಒಬ್ಬನೇ ನಾಯಕ. ಸೊಂಟಕ್ಕೆ ತೊಗಲು, ಕೈಯಲ್ಲಿ ಕತ್ತಿ, ಯಾವ ರಾಜನಿಗೂ ತಲೆಬಾಗದ ಅನಾಗರಿಕ. ಗಾರ್ಡನ್ ರೀಚಿನ ನಮ್ಮ ಕ್ವಾರ್ಟರ್ಸಿನಿಂದ ನ್ಯೂ ಟೌನಿನ ನನ್ನ ಸಾಫ್ಟ್‌ವೇರ್ ಆಫೀಸಿಗೆ ಎರಡು ಬಸ್ಸು ಹಿಡಿಯಬೇಕಿತ್ತು. ಓದಲು ಬೇಕಾದಷ್ಟು ಹೊತ್ತು.

“ಮೂವತ್ತು ದಾಟ್ತು, ಇನ್ನೂ ಈ ಅರೆಬೆತ್ತಲೆ ರಾಕ್ಷಸನ್ನ ಹೊತ್ಕೊಂಡು ತಿರುಗ್ತೀಯಲ್ಲೇ! ಪೇಪರ್ ಬೈಂಡಾದ್ರೂ ಹಾಕು, ಈ ಬಂಗಾಳಿ ಪಾಡಾದ ಅಕ್ಕಪಕ್ಕದ ಜನ ನೋಡಿದ್ರೆ ಏನಂದ್ಕೊಂಡಾರು?” ಅಂತ ಅಮ್ಮ ರೇಗುತ್ತಿದ್ದಳು. ನಾನು ಹಾಕಲಿಲ್ಲ.

ಅವನ ತೋಳು ನೋಡಿ ಮರುಳಾದವಳಲ್ಲ ನಾನು. ನನಗೆ ಹಿಡಿಸಿದ್ದು ಅವನ ನೇರ ನಡೆ. ಹಸಿದರೆ ತಿನ್ನುತ್ತಿದ್ದ, ಸಿಟ್ಟು ಬಂದರೆ ಎದುರಿಗೇ ಹೇಳುತ್ತಿದ್ದ, ಮಾತು ಕೊಟ್ಟರೆ ಮುಗಿಯಿತು. ಇತ್ತ ನಾನು, ಮೈಯೆಲ್ಲ ಉರಿಯುತ್ತಿದ್ದಾಗಲೂ ‘ತಮ್ಮ ಸಲಹೆಗೆ ಧನ್ಯವಾದಗಳು’ ಎಂದು ಮೇಲ್ ಬರೆಯುವವಳು. ಅವನಿಗೊಬ್ಬ ಮ್ಯಾನೇಜರ್ ಇದ್ದಿದ್ದರೆ ಆ ಮ್ಯಾನೇಜರ್ ಎರಡನೇ ಪುಟಕ್ಕೇ ತೀರಿಕೊಂಡಿರುತ್ತಿದ್ದ. ನಮ್ಮ ಮ್ಯಾನೇಜರ್ ದಷ್ಟಪುಷ್ಟವಾಗಿದ್ದರು.

ಆ ವರ್ಷ ನನ್ನನ್ನು ಆರು ಜನರ ಟೀಮಿಗೆ ಲೀಡ್ ಮಾಡಿದರು. ವರ್ಷದ ಕೊನೆಗೆ ಪ್ರತಿ ಲೀಡ್ ತನ್ನವರಲ್ಲಿ ಒಬ್ಬರನ್ನು ಕಟ್ಟಕಡೆಯ ದರ್ಜೆಗೆ ಹಾಕಲೇಬೇಕಿತ್ತು. ಆರೂ ಜನ ಚೆನ್ನಾಗಿ ದುಡಿದಿದ್ದರೂ ಒಬ್ಬರು ಕಡೆಗೇ. ಎರಡು ವರ್ಷ ಸಾಲಾಗಿ ಅಲ್ಲಿ ಬಿದ್ದವರು ಮನೆಗೆ. ನನ್ನ ಟೀಮಿನಲ್ಲಿ ಧಾರವಾಡದವರೊಬ್ಬರಿದ್ದರು, ಇಡೀ ಮಹಡಿಯಲ್ಲಿ ನನ್ನನ್ನು ಬಿಟ್ಟರೆ ಅವರೊಬ್ಬರೇ ಕನ್ನಡದವರು. ಹಿಂದಿನ ಲೀಡ್ ಅವರನ್ನು ಹೋದ ವರ್ಷವೇ ಒಮ್ಮೆ ಆ ದರ್ಜೆಗೆ ಹಾಕಿ ಹೋಗಿದ್ದ. ಆಗಷ್ಟೇ ಹೆಂಡತಿಯನ್ನು ಕರೆಸಿಕೊಂಡು, ಮಗಳನ್ನು ಸ್ಕೂಲಿಗೆ ಸೇರಿಸಿದ್ದರು.

ಒಂದು ಮಧ್ಯಾಹ್ನ ಸ್ವಮೌಲ್ಯಮಾಪನದ ಫಾರ್ಮ್ ಹಿಡಿದು ನನ್ನ ಟೇಬಲ್ಲಿಗೆ ಬಂದರು. ‘ಈ ವರ್ಷ ನೀವು ಎಲ್ಲಿ ಎಡವಿದಿರಿ?’ ಎಂಬುದು ಅದರ ಕೊನೆಯ ಪ್ರಶ್ನೆ. ಅದಕ್ಕೆ ಎಲ್ಲರೂ ಬರೆಯುವುದು ಒಂದೇ: ಅತಿಯಾಗಿ ಕೆಲಸ ಮಾಡುತ್ತೇನೆ, ಅದೇ ನನ್ನ ದೋಷ.

“ಮೇಡಮ್ಮರ, ಇಲ್ಲಿ ಖರೇ ಬರೀಲ್ಯೋ, ಎಲ್ಲಾರೂ ಬರ್ಯೂ ಹಂಗ ಬರೀಲ್ಯೋ?”

ಆ ದಿನ ಬಸ್ಸಿನಲ್ಲಿ ಒಂಬತ್ತನೇ ಪುಸ್ತಕ ಮುಗಿಸಿದ್ದೆ. ತಲೆಯ ತುಂಬ ಅದೇ. “ಇದ್ದದ್ದು ಇದ್ದ ಹಾಗೇ ಬರೀರಿ. ಹೆದರಿಕೆ ಯಾಕೆ?” ಅಂದುಬಿಟ್ಟೆ, ದೊಡ್ಡ ಶೂರಳ ಹಾಗೆ.

ಬರೆದರು. ಒಂದು ಸಲ ಗ್ರಾಹಕರಿಗೆ ತಪ್ಪು ಫೈಲ್ ಕಳಿಸಿದ್ದು, ಯಾರ ಗಮನಕ್ಕೂ ಬರುವ ಮೊದಲೇ ತಾವೇ ಕೂತು ಸರಿಪಡಿಸಿದ್ದು. ಅವರು ಬರೆಯದಿದ್ದರೆ ಲೋಕದಲ್ಲಿ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ.

ಲೀಡ್‌ಗಳ ಸಭೆಯಲ್ಲಿ ಮ್ಯಾನೇಜರ್ ನನ್ನ ಕಡೆ ತಿರುಗಿ, “ಒಂದು ಹೆಸರು, ಜೊತೆಗೆ ಪುರಾವೆ” ಅಂದರು. ನನ್ನ ಟೀಮಿನಲ್ಲಿ ನಿಜಕ್ಕೂ ಮೈಗಳ್ಳನೊಬ್ಬನಿದ್ದ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವನ ಫಾರ್ಮ್ ತೊಳೆದ ತಟ್ಟೆಯಂತಿತ್ತು. ಅವನ ಹೆಸರು ಹೇಳಿದ್ದರೆ ವಾದ ಮಾಡಬೇಕಿತ್ತು, ಹೊಸ ಲೀಡ್ ಜಗಳಗಂಟಿ ಅನ್ನಿಸಿಕೊಳ್ಳಬೇಕಿತ್ತು. ಧಾರವಾಡದವರ ಫಾರ್ಮನ್ನು ಮುಂದಕ್ಕೆ ಸರಿಸಿದೆ. “ಅವರೇ ಬರೆದುಕೊಂಡಿದ್ದಾರೆ” ಅಂದೆ. ಐದು ನಿಮಿಷದ ಕೆಲಸ. ಮುಂದಿನ ಲೀಡ್‌ನ ಸರದಿ ಬಂದಾಗ ನಾನು ಶಿಂಗಾಡಾ, ಅಂದರೆ ಇಲ್ಲಿನ ಸಮೋಸಾ, ತಿನ್ನುತ್ತಿದ್ದೆ, ಬಿಸಿಯಾಗಿತ್ತು.

ವಾರದ ನಂತರ ಧಾರವಾಡದವರ ಕೈಗೆ ಕೆಲಸದಿಂದ ತೆಗೆದ ಪತ್ರ ಬಂತು. ಲಿಫ್ಟಿನ ಹತ್ತಿರ ನನಗಾಗಿ ಕಾಯುತ್ತಿದ್ದರು.

“ಸಭಾದಾಗ ನೀವು ನನ್ನ ಪರ ಮಾತಾಡೀರಿ, ಹೌದಲ್ರಿ?”

“ಹೌದು. ಎಷ್ಟು ಹೇಳಿದ್ರೂ ಕೇಳ್ಲಿಲ್ಲ” ಅಂದೆ. ತಡವರಿಸಲೂ ಇಲ್ಲ.

“ನನಗ ಗೊತ್ತಿತ್ರಿ. ಇಲ್ಲಿ ನೆಟ್ಟಗ ಮಾತಾಡೋರು ನೀವೊಬ್ರ. ಊರಿಗೆ ಹೋಗೂದರೊಳಗ ಒಂದಿನ ಊಟಕ್ಕ ಬರ್ರಿ.”

ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಆದರೂ ಬರುತ್ತೇನೆ ಅಂದೆ.

ಭಾನುವಾರ ಹೋದೆ. ಮನೆಯ ಅರ್ಧ ಸಾಮಾನು ಆಗಲೇ ಗೋಣಿಚೀಲಗಳಲ್ಲಿತ್ತು. ಮಗಳು ಬಂಗಾಳಿ ಪಾಠಪುಸ್ತಕದ ಚಿತ್ರಗಳಿಗೆ ಬಣ್ಣ ಹಚ್ಚುತ್ತ ಕೂತಿದ್ದಳು. ಅವರ ಹೆಂಡತಿ ಜೋಳದ ರೊಟ್ಟಿ ಬಡಿದು, ಮೊದಲ ರೊಟ್ಟಿಯನ್ನು ಗಂಡನಿಗೂ ಹಾಕದೆ ನನ್ನ ತಟ್ಟೆಗೆ ಹಾಕಿದರು. “ನಮ್ಮವರ ಸಲುವಾಗಿ ಅಷ್ಟು ಜಗಳಾಡೀರಂತಲ್ರಿ, ನಾಚಿಕಿ ಮಾಡ್ಕೋಬ್ಯಾಡ್ರಿ, ತಿನ್ರಿ” ಎನ್ನುತ್ತ ಮೇಲೆ ಇನ್ನಷ್ಟು ಬೆಣ್ಣೆ ಇಟ್ಟರು.

ನಾಲ್ಕು ರೊಟ್ಟಿ ತಿಂದೆ. ಐದನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ.