ಅಪ್ಪನ ಕೋವಿಯ ಹಿತ್ತಾಳೆ ಮಣಿ

ಅಪ್ಪ ತೀರಿಕೊಂಡ ಮೇಲೆ ಅವನ ಕೋವಿಯ ಲೈಸೆನ್ಸು ನನ್ನ ಹೆಸರಿಗಾಯಿತು. ಬೆಳಕವಾಡಿಯ ನಮ್ಮ ಕಬ್ಬಿಗೆ ನುಗ್ಗುವ ಹಂದಿಗಳನ್ನು ಬೆದರಿಸಲು ಇಟ್ಟಿದ್ದ, ಕರಿಮದ್ದು ತುಂಬಿ ಹೊಡೆಯುವ ಹಳೆಯ ಕೋವಿ ಅದು. ಚುನಾವಣೆಗೆಂದು ಠಾಣೆಯಲ್ಲಿ ಒಪ್ಪಿಸಿದ್ದನ್ನು ಬಿಡಿಸಿಕೊಂಡು ಬಂದ ಮಧ್ಯಾಹ್ನವೇ ಗುರಿ ನೋಡಲು ಕೂತೆ.

ಎತ್ತರದ ಬದುವಿಗೆ ಒಂದು ತೆಂಗಿನ ಚಿಪ್ಪು ಸಿಕ್ಕಿಸಿದೆ. ಅದರ ಎಡಕ್ಕೆ ಎರಡು ಮೊಳ ದೂರದಲ್ಲಿ ಹುಲ್ಲಿನ ಬೆರ್ಚಪ್ಪ ಕೈ ಚಾಚಿಕೊಂಡು ನನ್ನತ್ತಲೇ ಮುಖ ಮಾಡಿ ನಿಂತಿದ್ದ. ಮೈಮೇಲೆ ಅಪ್ಪನ ಬಿಳಿ ಅಂಗಿ, ಅವ್ವನೇ ತೊಡಿಸಿದ್ದಳು.

ಮೊದಲ ಗುಂಡು ಚಿಪ್ಪಿನಿಂದ ಒಂದು ಮೊಳ ಎಡಕ್ಕೆ ಮಣ್ಣು ಹೊಕ್ಕಿತು. ಎಡಕ್ಕೆ ಹೋದರೆ ಬಲಕ್ಕೆ ತಟ್ಟಬೇಕು, ಇದರಲ್ಲಿ ಕಲಿಯುವುದೇನಿದೆ ಎಂದು ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಹಿತ್ತಾಳೆ ಮಣಿಗೆ ಸುತ್ತಿಗೆಯಲ್ಲಿ ಒಂದೇಟು ಕೊಟ್ಟು, ಮತ್ತೆ ಮದ್ದು ತುಂಬಿದೆ. "ಗುಂಡು ಎತ್ಲಾಗ್ ಓಯ್ತದೋ ಮಣೀನೂ ಅತ್ಲಾಗೇ ತಟ್ಟು ಕಣ್ಲಾ" ಎಂದು ಅಪ್ಪ ಬಡಕೊಂಡಿದ್ದು ನೆನಪಾಗುವಷ್ಟರಲ್ಲಿ ಎರಡನೆಯ ಗುಂಡು ಹಾರಿತ್ತು.

ಹೊಗೆ ತಿಳಿಯಾದಾಗ ಚಿಪ್ಪು ಹಾಗೇ ಇತ್ತು. ಬೆರ್ಚಪ್ಪನ ಒಂದು ತೋಳು ಮಾತ್ರ ಕಳಚಿ, ಎದೆ ಹಿಡಿದುಕೊಂಡವನ ಹಾಗೆ, ಅಂಗಿಯ ಮೇಲೆ ಮಡಚಿ ಬಿದ್ದಿತ್ತು.

ಸದ್ದು ಕೇಳಿ ಬಂದ ಅವ್ವ ಬೈಯುತ್ತಾಳೆಂದುಕೊಂಡೆ. ಅವಳು ಆ ತೋಳನ್ನು ಮೆಲ್ಲಗೆ ಸರಿಸಿ, ಎಡಜೇಬಿನಲ್ಲಿ ಗುಂಡು ಕೊರೆದಿದ್ದ ತೂತಿನೊಳಕ್ಕೆ ಬೆರಳು ತೂರಿಸಿ ನಿಂತಳು.

"ನಿಮ್ಮಪ್ಪ ಸಾಯೋ ದಿನ, ನೋವು ಅಂತ ಬೆಳ್ಳು ಮಡಗಿ ತೋರ್ಸಿದ್ದೂ ಇಲ್ಲೇ ಕಣ್ಲಾ."