ಇನಿಟ್ ಆರಿಸಿದ ಭಾನುವಾರ

ನಮ್ಮ ಗುಂಪಿನಲ್ಲಿ ನನಗೆ ಬಾಯಿಬಡುಕಿ ಎಂಬ ಹೆಸರಿತ್ತು. ಇರಲಿ. ಬಾಯಿ ಬಡಿದುಕೊಳ್ಳದೆ ಮರ್ಯಾದಸ್ಥರಾಗಿ ಉಳಿದವರು ಏನು ಸಾಧಿಸಿದರೆಂದು ನೋಡಿದ್ದೇನೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಕೋಲಾರದಲ್ಲಿ ಪಾಲಿಟೆಕ್ನಿಕ್ ಉಪನ್ಯಾಸಕಿ. ಮುಳಬಾಗಿಲಿನಲ್ಲಿ ಹೈಸ್ಕೂಲಿಗೆ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶವಾದ ಲಿನಕ್ಸಿನ ಹುಚ್ಚು ಹಿಡಿಸಿಕೊಂಡು ನಮ್ಮನ್ನೆಲ್ಲ ಸೇರಿಸಿದ್ದರು. ಅವರ ಹಳೆಯ ಶಿಷ್ಯನಾದ ತಾಯಲೂರಿನ ಬ್ಯಾಂಕ್ ಗುಮಾಸ್ತ, ಮಾಲೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಶ್ರೀನಿವಾಸಪುರದ ಕಾಲೇಜಿನಲ್ಲಿ ಪಾಠ ಮಾಡುವವನು, ಮತ್ತು ನಾನು. ಬೆಂಗಳೂರಿನ ಆಫೀಸುಗಳು ಬೇಡವೆಂದು ಕೊಟ್ಟ ಹಳೆಯ ಕಂಪ್ಯೂಟರುಗಳಿಗೆ ನಮ್ಮದೇ ಕನ್ನಡದ ಲಿನಕ್ಸ್ ಹಾಕಿ ಸರ್ಕಾರಿ ಶಾಲೆಗಳಿಗೆ ಕೊಡುತ್ತಿದ್ದೆವು.

ಕಂಪ್ಯೂಟರಿಗೆ ಕರೆಂಟು ಬಂದಾಗ ಮೊದಲು ಎದ್ದು ಉಳಿದೆಲ್ಲ ಪ್ರೋಗ್ರಾಂಗಳನ್ನು ಎಬ್ಬಿಸುವುದಕ್ಕೆ ಇನಿಟ್ ಅನ್ನುತ್ತಾರೆ, ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಉಳಿದವರನ್ನು ಏಳಿಸುವ ಅಮ್ಮನ ಹಾಗೆ. ನಾವು ಬಳಸುತ್ತಿದ್ದದ್ದು ಹಳೆಯದು. ಒಬ್ಬರು ಎದ್ದು ಮುಖ ತೊಳೆದು ಬರುವವರೆಗೆ ಇನ್ನೊಬ್ಬರನ್ನು ಕರೆಯುವುದಿಲ್ಲ ಎನ್ನುವ ಜಾತಿಯದು. ಆ ಕರೆಯುವ ಕ್ರಮವನ್ನೆಲ್ಲ ಬರೆದವರು ಮೇಷ್ಟ್ರು. ಪ್ರತಿ ಹಂತಕ್ಕೂ ಒಂದು ಕನ್ನಡ ವಾಕ್ಯ ಬರುವಂತೆ ಮಾಡಿದ್ದರು: "ಗಡಿಯಾರ ಸರಿಮಾಡುತ್ತಿದ್ದೇನೆ," "ಡಿಸ್ಕ್ ಪರೀಕ್ಷಿಸುತ್ತಿದ್ದೇನೆ, ತಾಳಿ." ಆ ಕಪ್ಪು ಪರದೆಯಲ್ಲಿ ಕನ್ನಡದ ಒತ್ತಕ್ಷರ ಕೂಡುವುದಿಲ್ಲ. ಅದಕ್ಕಾಗಿ ಒಂದೊಂದು ವಾಕ್ಯವನ್ನೂ ಚಿತ್ರವಾಗಿ ಬರೆದು ಸೇರಿಸಿದ್ದರು. ವರ್ಷಗಟ್ಟಲೆ ಕೂತು ಮಾಡಿದ ಕೆಲಸ. ಮೊದಮೊದಲು ಮಕ್ಕಳು ಅದನ್ನು ಒಕ್ಕೊರಲಿನಿಂದ ಓದುವಾಗ ನನಗೂ ಕಣ್ಣು ತುಂಬುತ್ತಿತ್ತು, ಸುಳ್ಳೇಕೆ ಹೇಳಲಿ.

ಆದರೆ ಹಳ್ಳಿಯಲ್ಲಿ ಕರೆಂಟು ಯಾರ ಮಾತು ಕೇಳುತ್ತದೆ? ಪಾಠದ ನಡುವೆ ಹೋಗುತ್ತಿತ್ತು. ಹಾಗೆ ದಿಢೀರನೆ ಹೋದರೆ ಮುಂದಿನ ಸಲ ಡಿಸ್ಕ್ ಪರೀಕ್ಷೆ ಪೂರ್ತಿ ಆಗಲೇಬೇಕು. ಅದು ಮುಗಿಯುವವರೆಗೆ ಉಳಿದದ್ದೆಲ್ಲ ನಿಂತಿರುತ್ತದೆ, ಆಮೇಲೆ ಒಂದೊಂದೇ ಚಿತ್ರ ಬರುತ್ತದೆ, ಅಷ್ಟರಲ್ಲಿ ಕರೆಂಟು ಮತ್ತೆ ಹೋಗುತ್ತದೆ. ಮಕ್ಕಳು ಕೈಕಟ್ಟಿ ಕೂತು ಪೀರಿಯಡ್ ಮುಗಿಸುತ್ತಿದ್ದರು.

ಆಗಷ್ಟೇ ಹೊಸ ಬಗೆಯ ಇನಿಟ್‌ಗಳು ಬರುತ್ತಿದ್ದವು. ಅವು ಎಲ್ಲವನ್ನೂ ಒಟ್ಟಿಗೆ ಏಳಿಸುತ್ತವೆ, ಬೇಕಾದದ್ದನ್ನು ಮೊದಲು ಕೊಟ್ಟು ಉಳಿದದ್ದನ್ನು ಹಿನ್ನೆಲೆಯಲ್ಲಿ ಮಾಡಿಕೊಳ್ಳುತ್ತವೆ. ಅಂಥದ್ದೊಂದನ್ನು ನಾನೂ ಗುಮಾಸ್ತನೂ ಹೋಳೂರಿನ ಶಾಲೆಯಲ್ಲಿ ಒಂದು ಕಂಪ್ಯೂಟರಿಗೆ ಹಾಕಿ ನೋಡಿದೆವು. ಪಕ್ಕದ ಕಂಪ್ಯೂಟರು "ತಾಳಿ" ಎನ್ನುತ್ತಿರುವಾಗಲೇ ಇದರಲ್ಲಿ ಒಬ್ಬ ಹುಡುಗಿ ಮಾವಿನಕಾಯಿಯ ಚಿತ್ರ ಬಿಡಿಸಿ ಬಣ್ಣ ತುಂಬುತ್ತಿದ್ದಳು.

"ಇನ್ನು ಮಾತೇ ಇಲ್ಲ ಮೇಡಂ, ಹೊಸದೇ ಸರಿ," ಎಂದ ಗುಮಾಸ್ತ. ಆಮೇಲೆ ರಾಗ ಎಳೆದ. "ಆದ್ರೆ ಇದ್ರಲ್ಲಿ ಮೇಷ್ಟ್ರ ವಾಕ್ಯಗಳು ಒಂದೂ ಇರಲ್ವಲ್ಲ."

ಎಲ್ಲ ಒಟ್ಟಿಗೆ ಏಳುವಲ್ಲಿ ಒಂದಾದ ಮೇಲೊಂದು ವಾಕ್ಯಕ್ಕೆ ಜಾಗವಿರಲಿಲ್ಲ. ಮಾಲೂರಿನವನಿಗೂ ಶ್ರೀನಿವಾಸಪುರದವನಿಗೂ ಸಿ.ಡಿ. ಕಳಿಸಿದೆ. ಇಬ್ಬರೂ ಫೋನಿನಲ್ಲಿ ಹೊಸದೇ ಆಗಲಿ ಎಂದರು.

ಭಾನುವಾರ ಮೇಷ್ಟ್ರ ಮನೆಯ ನಡುಮನೆಯಲ್ಲಿ ಸೇರಿದೆವು. ಅಮ್ಮ, ಅಂದರೆ ಅವರ ಹೆಂಡತಿ, ಉಪ್ಪಿಟ್ಟು ಕಾಫಿ ಕೊಟ್ಟರು. ನಮ್ಮಲ್ಲೊಂದು ಪದ್ಧತಿ: ಏನೇ ತೀರ್ಮಾನವಾದರೂ ಮೊದಲು ಹಿರಿಯರನ್ನು ಕೇಳುವುದು. ಕೇಳಿದೆವು.

"ನನಗೇನೋ ಹಳೇದೇ ಸಾಕು ಅನ್ಸುತ್ತೆ. ಎಲ್ಲಿ ನಿಂತಿದೆ ಅಂತ ಮಕ್ಕಳಿಗೆ ಕಾಣುತ್ತಲ್ಲ," ಎಂದರು ಮೇಷ್ಟ್ರು. "ಆದರೆ ನೀವು ಶಾಲೆಗಳಿಗೆ ಓಡಾಡೋರು. ನೀವು ಹೇಳಿ."

ನಾನು ಹೋಳೂರಿನಲ್ಲಿ ಕಂಡದ್ದನ್ನು ಕಂಡ ಹಾಗೇ ಹೇಳಿದೆ. ಅವರು ಗಮನವಿಟ್ಟು ಕೇಳಿ ಗುಮಾಸ್ತನ ಕಡೆ ತಿರುಗಿದರು. "ಏನಪ್ಪಾ, ನೀನೂ ಇದ್ದೆಯಲ್ಲ?"

"ಹೊಸದು ಸ್ವಲ್ಪ ಬೇಗ ಆಗುತ್ತೆ ಮೇಷ್ಟ್ರೇ, ನಿಜ. ಆದ್ರೆ ಅಂಥಾ ವ್ಯತ್ಯಾಸ ಏನಿಲ್ಲ. ಹಳೇದೇ ಇರ್ಲಿ ಬಿಡಿ," ಎಂದ ಪುಣ್ಯಾತ್ಮ, ತಟ್ಟೆಯಿಂದ ಕಣ್ಣೆತ್ತದೆ.

ಉಳಿದಿಬ್ಬರು ಕೋಲೆಬಸವನ ಹಾಗೆ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಫೋನಲ್ಲಿ ಏನಂದ್ರಿ ನೀವು?" ಎಂದು ಕೇಳಿಯೇಬಿಟ್ಟೆ. ಮಾಲೂರಿನವನು ಹಲ್ಲು ಕಿರಿದು, "ಅದು ಸುಮ್ನೆ ಹೇಳಿದ್ದು ಮೇಡಂ," ಎಂದ. ಮೇಷ್ಟ್ರು ನನ್ನತ್ತ ನೋಡಿ, "ಬೇಜಾರು ಮಾಡ್ಕೋಬೇಡಮ್ಮ, ಎಲ್ಲರ ಅಭಿಪ್ರಾಯ ಹೀಗಿದೆ," ಎಂದರು. ಹಳೆಯದೇ ಉಳಿಯಿತು.

ಹೊರಗೆ ಚಪ್ಪಲಿ ಮೆಟ್ಟುವಾಗ ಗುಮಾಸ್ತ ಪಿಸುಗುಟ್ಟಿದ. "ಪೋನೀ ಬಿಡಿ ಮೇಡಂ. ಈ ವಯಸ್ಸಿನಲ್ಲಿ ಅವರ ಮನಸ್ಸು ನೋಯಿಸಿ ನಮಗೇನಾಗಬೇಕು?"

ಆ ವರ್ಷ ಶಾಲೆಗಳು ಒಂದೊಂದಾಗಿ ನಮ್ಮ ಕಂಪ್ಯೂಟರುಗಳನ್ನು ಕೈಬಿಟ್ಟವು. ಕಂಪ್ಯೂಟರ್ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಪಾಠ ಶುರುವಾಯಿತು. ಕೋಣೆಗಳಿಗೆ ಬೀಗ ಬಿತ್ತು, ಮಾನಿಟರುಗಳ ಮೇಲೆ ಹಳೆಯ ಬ್ಯಾನರು ಹೊದಿಸಿದರು. ನಾನು ಹೋದಲ್ಲೆಲ್ಲ ಹೆಡ್‌ಮಾಸ್ಟರುಗಳು ಕೈಮುಗಿದು ಕಳಿಸಿದರು. ಮೇಷ್ಟ್ರಿಗೆ ಮಾತ್ರ ಆ ಮೂವರು ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. ನಾನು ಇದ್ದದ್ದು ಇದ್ದಂತೆ ಹೇಳಿದರೆ, ಉಳಿದವರು ಯಾರೂ ಹಾಗನ್ನಲ್ಲವಲ್ಲಮ್ಮ ಎನ್ನುತ್ತಿದ್ದರು ಮೇಷ್ಟ್ರು.

ಒಂದು ದಿನ ಮೇಷ್ಟ್ರು ಬಸ್ಸು ಹತ್ತಿ ಕೋಲಾರಕ್ಕೆ, ನಮ್ಮ ಮನೆಗೇ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ. ದೇವರಾಯಸಮುದ್ರದಲ್ಲಿ ನೆಂಟರ ಮನೆಗೆ ಹೋದವರು ಅಲ್ಲಿನ ಶಾಲೆಗೆ ಹೊಕ್ಕು, ತಾವು ಯಾರೆಂದು ಹೇಳದೆ, ಕಂಪ್ಯೂಟರ್ ತೋರಿಸಿ ಎಂದಿದ್ದರಂತೆ. ಹೆಡ್‌ಮಾಸ್ಟರು ಬೀಗ ತೆಗೆದು ಸ್ವಿಚ್ ಹಾಕಿದರಂತೆ. ಡಿಸ್ಕ್ ಪರೀಕ್ಷೆ ಮುಗಿಯುವ ಮೊದಲೇ ಕರೆಂಟು ಹೋಯಿತಂತೆ.

"ಆಮೇಲೆ ಆತ ಏನಂದ ಗೊತ್ತೇನಮ್ಮಾ? 'ಬೇಗ ಶುರುವಾಗೋದು ಒಂದಿದೆ ಸಾರ್, ಆ ಬ್ಯಾಂಕಿನವರೇ ಹೇಳಿದ್ರು. ಅವರ ಗುಂಪಲ್ಲಿ ಯಾರೋ ಮುದುಕರು ಬೇಜಾರು ಮಾಡ್ಕೋತಾರಂತೆ, ಅದಕ್ಕೆ ಹಾಕ್ತಿಲ್ಲ' ಅಂದ."

ಮುಟ್ಟದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ನೀನೊಬ್ಬಳು ಹೇಳಿದೆ. ಮಿಕ್ಕ ಮೂವರು ಇಲ್ಲ ಅಂದರು, ಅದಕ್ಕೆ ಅವರನ್ನ ನಂಬಿದೆ. ಅವರೂ ಹೇಳಿದ್ದಿದ್ರೆ ಅವತ್ತೇ ಎಲ್ಲಾ ಕಿತ್ತುಹಾಕ್ತಿದ್ದೆ ಕಣಮ್ಮಾ. ಮಕ್ಕಳಿಗಿಂತ ನನ್ನ ನಾಲ್ಕು ವಾಕ್ಯ ದೊಡ್ಡದು ಅನ್ನೋನಾ ನಾನು? ಅಷ್ಟು ಸಣ್ಣವನು ಅಂದ್ಕೊಂಡ್ರಾ ನನ್ನ?"

ಈ ಮಾತನ್ನು ಆ ಮೂವರಿಗೆ ಹೇಳಬೇಡ, ನೊಂದುಕೊಳ್ಳುತ್ತಾರೆ ಎಂದು ನನ್ನಿಂದ ಮಾತು ತೆಗೆದುಕೊಂಡು ಹೋದರು. ಹೊಸ ಇನಿಟ್ ಹಾಕಿದ ಸಿ.ಡಿ. ತಾವೇ ತಯಾರಿಸಿ ಶಾಲೆ ಶಾಲೆ ಸುತ್ತಿದರು. ಬೀಗ ತೆಗೆಯುವವರು ಯಾರೂ ಸಿಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು.

ವೈಕುಂಠ ಸಮಾರಾಧನೆಗೆ ನಾವು ನಾಲ್ವರೂ ಮುಳಬಾಗಿಲಿಗೆ ಹೋಗಿ ಒಂದೇ ಪಂಕ್ತಿಯಲ್ಲಿ ಕೂತೆವು. ಎಲೆಯ ಮುಂದೆ ಗುಮಾಸ್ತ ಕಣ್ಣೊರೆಸಿಕೊಂಡು ಅಮ್ಮನಿಗೆ ಹೇಳುತ್ತಿದ್ದ. "ಒಂದು ಸಮಾಧಾನ ಅಂದ್ರೆ, ಕೊನೇವರೆಗೂ ಅವರ ಮನಸ್ಸು ನೋಯೋ ಹಾಗೆ ನಾವು ಒಂದು ಮಾತೂ ಆಡಲಿಲ್ಲ ಅಮ್ಮ."

ಉಳಿದಿಬ್ಬರು ಹೌದೆಂದು ತಲೆಯಾಡಿಸಿದರು. ಮೇಷ್ಟ್ರಿಗೆ ಮಾತು ಕೊಟ್ಟಿದ್ದೆ. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಊಟ ಮಾಡಿದೆ.